ಕಾದಂಬರಿ ಓದಿ ಸಿನಿಮಾ ನೋಡುವವರಿಗೆ: 'ಶರಪಂಜರ'ದಿಂದ 'ದ್ವೀಪ'ದವರೆಗೆ

ಮೆಚ್ಚಿದ ಕಾದಂಬರಿ ಸಿನಿಮಾ ಆಗಿ ಬಂದಾಗ ಓದುಗರ ಬಾಯಿಂದ ಮೊದಲು ಬರುವ ಮಾತು ಒಂದೇ: "ಆ ಪ್ರಸಂಗವೇ ಇಲ್ಲವಲ್ಲ!" ದೂರು ನಿಜವೇ. ಆದರೆ ಸಿನಿಮಾ ಗೆದ್ದಿತೋ ಸೋತಿತೋ ಅದರಿಂದ ಗೊತ್ತಾಗುವುದಿಲ್ಲ. ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. 250 ಪುಟದ ಕಾದಂಬರಿಗೆ ಪುಟಕ್ಕೆ ಎರಡು ನಿಮಿಷ ಹಿಡಿದರೂ ಎಂಟು ಗಂಟೆ ದಾಟುತ್ತದೆ. ಸಿನಿಮಾ ಎರಡೂವರೆ ಗಂಟೆ. ಅದರಲ್ಲಿ ನಾಲ್ಕು ನಿಮಿಷದ ಆರು ಹಾಡು ತೆಗೆದರೆ, ಹೆಸರು ತೋರಿಸುವ ಹೊತ್ತು ಕಳೆದರೆ, ಕಥೆಗೆ ಉಳಿಯುವುದು ಎರಡು ಗಂಟೆ. ಮನೆ, ಬೆಟ್ಟ, ಮಳೆಯ ವರ್ಣನೆಗೆ ಕ್ಯಾಮೆರಾಕ್ಕೆ ಎರಡು ಸೆಕೆಂಡು ಸಾಕು ಎಂದಿಟ್ಟುಕೊಂಡರೂ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಹೋಗಲೇಬೇಕು. ಹಾಗಾಗಿ ಏನು ಹೋಯಿತು ಎಂದು ಕೇಳುವುದಕ್ಕಿಂತ, ಪುಸ್ತಕದಲ್ಲಿ ಯಾರ ಕಣ್ಣಿನಿಂದ ಕಥೆ ನೋಡುತ್ತಿದ್ದೆವೋ ಆ ಕಣ್ಣು ತೆರೆಯ ಮೇಲೂ ಇದೆಯೇ ಎಂದು ಕೇಳಬೇಕು. ಕನ್ನಡದ ಕೆಲವು ಹೆಸರಾಂತ ಚಿತ್ರಗಳನ್ನು ಈ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಫಲಿತಾಂಶ ಬೇರೆಯೇ ಬರುತ್ತದೆ.

'ಶರಪಂಜರ' (1971) ಈ ಪರೀಕ್ಷೆಯಲ್ಲಿ ಬಹುಪಾಲು ಗೆಲ್ಲುತ್ತದೆ. ತ್ರಿವೇಣಿಯವರ ಕಾದಂಬರಿ ನಿಂತಿರುವುದು ಕಾವೇರಿಯ ಮನಸ್ಸಿನ ಒಳಗೆ. ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ, ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಅವಳು ಗುಣವಾದದ್ದನ್ನು ಮನೆಯವರು ಮಾತ್ರ ನಂಬುವುದಿಲ್ಲ. ಒಳಗೆ ನಡೆಯುವ ಇಂಥ ಕಥೆಯನ್ನು ತೆರೆಗೆ ತರುವವರು ಸಾಮಾನ್ಯವಾಗಿ ಸುಲಭದ ದಾರಿ ಹಿಡಿದು ಹಿನ್ನೆಲೆ ಧ್ವನಿಯಲ್ಲಿ ಎಲ್ಲವನ್ನೂ ಹೇಳಿಸಿಬಿಡುತ್ತಾರೆ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಆ ದಾರಿಯನ್ನು ನೆಚ್ಚಿಕೊಳ್ಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲಿನ ದೃಶ್ಯಗಳಲ್ಲಿ ಸುತ್ತಲಿನವರ ನೋಟವನ್ನು ಗಮನಿಸಿ. ಅವಳು ನಕ್ಕರೆ ಒಂದು ಅನುಮಾನ, ಸಿಟ್ಟಾದರೆ ಇನ್ನೊಂದು ಅನುಮಾನ. ಎಲ್ಲರಿಗೂ ಬರುವ ಸಿಟ್ಟು ಅವಳಿಗೆ ಬಂದರೆ ಮಾತ್ರ ಅದು ರೋಗದ ಲಕ್ಷಣ. ಪುಸ್ತಕದಲ್ಲಿ ಪುಟಗಟ್ಟಲೆ ಹಬ್ಬಿರುವ ಆ ಹಿಂಸೆಯನ್ನು ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಮುಖ ಹೊತ್ತುಕೊಳ್ಳುತ್ತದೆ. ಕ್ಯಾಮೆರಾ ಅವಳನ್ನು ನೋಡುವಾಗಲೂ ನಾವು ಅವಳ ಪಕ್ಕದಲ್ಲೇ ನಿಂತಿರುತ್ತೇವೆ.

ಹಾಡು ಬಂದರೆ ಕಾದಂಬರಿ ಕೆಡುತ್ತದೆ ಎನ್ನುವವರಿಗೂ ಈ ಚಿತ್ರದಲ್ಲಿ ಉತ್ತರವಿದೆ. ಬೇಂದ್ರೆಯವರ 'ಉತ್ತರ ಧ್ರುವದಿಂ' ಒಲವಿನ ದಿನಗಳನ್ನು ಒಂದೇ ಏಟಿಗೆ ಕಟ್ಟಿಕೊಡುತ್ತದೆ. ಅದಿಲ್ಲದಿದ್ದರೆ ಆ ಸುಖವನ್ನು ನಂಬಿಸಲು ನಾಲ್ಕೈದು ದೃಶ್ಯ ಬೇಕಾಗುತ್ತಿತ್ತು. 'ಹದಿನಾಲ್ಕು ವರುಷ' ಹಾಡು ಕಾವೇರಿಯನ್ನು ವನವಾಸದಿಂದ ಮರಳಿದ ಸೀತೆಯ ಪಕ್ಕ ನಿಲ್ಲಿಸುತ್ತದೆ. ಮರಳಿ ಬಂದ ಸೀತೆಗೆ ಆಮೇಲೆ ಏನಾಯಿತು ಎಂದು ನೋಡುವ ಪ್ರತಿಯೊಬ್ಬರಿಗೂ ಗೊತ್ತು. ಬಿಡಿಸಿ ಹೇಳುವ ಕೆಲಸವೇ ಇಲ್ಲ.

ಎಡವುವುದು ಕೊನೆಯ ರೀಲುಗಳಲ್ಲಿ. ತ್ರಿವೇಣಿಯವರ ಗದ್ಯ ಸಣ್ಣ ದನಿಯದು, ಅತ್ತರೂ ಪಕ್ಕದ ಮನೆಗೆ ಕೇಳದು. ಸಿನಿಮಾ ಅಲ್ಲಿ ದನಿ ಏರಿಸುತ್ತದೆ, ಸಂಗೀತವೂ ಜೊತೆಗೆ ಏರುತ್ತದೆ. ಜನ ನೆನಪಿಟ್ಟುಕೊಂಡದ್ದು, ಅನುಕರಣೆ ಮಾಡಿದ್ದು ಆ ಅಬ್ಬರವನ್ನೇ. ಚಿತ್ರದ ನಿಜವಾದ ಶಕ್ತಿ ನಡುಭಾಗದ ಮೌನದಲ್ಲಿದೆ. 1963ರಲ್ಲೇ ತೀರಿಕೊಂಡ ತ್ರಿವೇಣಿಯವರು ಇದನ್ನೂ ನೋಡಲಿಲ್ಲ, ತಮ್ಮದೇ ಕಾದಂಬರಿಯಿಂದ ಬಂದ 1967ರ 'ಬೆಳ್ಳಿಮೋಡ'ವನ್ನೂ ನೋಡಲಿಲ್ಲ ಎನ್ನುವುದು ನೆನೆದಾಗಲೆಲ್ಲ ನೋವಾಗುವ ಸಂಗತಿ. 'ಶರಪಂಜರ'ವನ್ನು ಪುಸ್ತಕ ಓದಿಯೇ ನೋಡಿ. ಮೊದಲು ಸಿನಿಮಾ ನೋಡಿದರೆ ಆ ಕೊನೆಯ ಕೂಗು ಕಿವಿಯಲ್ಲಿ ಕುಳಿತು, ಓದುವಾಗ ತ್ರಿವೇಣಿಯವರ ಸಣ್ಣ ದನಿ ಕೇಳಿಸುವುದಿಲ್ಲ.

'ನಾಗರಹಾವು' (1972) ಇದಕ್ಕಿಂತ ಕಷ್ಟದ ಲೆಕ್ಕ. ಇಲ್ಲಿ ಒಂದಲ್ಲ, ತ.ರಾ.ಸು. ಅವರ ಮೂರು ಕಾದಂಬರಿಗಳಿವೆ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರು ಪುಸ್ತಕಗಳನ್ನು ಒಂದು ಚಿತ್ರಕ್ಕೆ ಇಳಿಸುವಾಗ ಕಥೆ ಕತ್ತರಿಸುವುದು ದೊಡ್ಡ ಕಷ್ಟವಲ್ಲ. ಪ್ರತಿ ಪುಸ್ತಕಕ್ಕೂ ಅದರದೇ ಏರು ಇರುತ್ತದೆ. ಅವುಗಳನ್ನು ಸಾಲಾಗಿ ಇಟ್ಟರೆ ನೋಡುವವನು ಮಧ್ಯಂತರಕ್ಕೇ ದಣಿಯುತ್ತಾನೆ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ನಾಯಕ ರಾಮಾಚಾರಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟುವುದು, ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುವುದು, ಅವಳನ್ನು ಮುಂದೆ ಹೋಟೆಲಿನಲ್ಲಿ ಕಾಣಬಾರದ ಸ್ಥಿತಿಯಲ್ಲಿ ಕಾಣುವುದು, ಮಾರ್ಗರೆಟ್ಟಳ ಪ್ರೇಮ, ಕೊನೆಗೆ ಬೆಟ್ಟದ ತುದಿ. ಇಷ್ಟೂ ಒಂದೇ ದಾರದಲ್ಲಿ ಪೋಣಿಸಬೇಕು.

ಪುಟ್ಟಣ್ಣ ಕಂಡುಕೊಂಡ ದಾರ ಚಾಮಯ್ಯ ಮೇಷ್ಟ್ರು. ಕೆ.ಎಸ್. ಅಶ್ವಥ್ ಅವರ ಮೇಷ್ಟ್ರು ಪ್ರತಿ ತಿರುವಿನಲ್ಲೂ ನಿಂತಿದ್ದಾರೆ. ರಾಮಾಚಾರಿಯ ಪ್ರತಿ ನಿರ್ಧಾರಕ್ಕೂ ಅವರ ಮುಖ ಸಾಕ್ಷಿ. ಚಿತ್ರಕಥೆಯ ಕಸುಬಿನ ದೃಷ್ಟಿಯಿಂದ ಇದು ಕನ್ನಡದ ಅತ್ಯುತ್ತಮ ಜೋಡಣೆಗಳಲ್ಲಿ ಒಂದು. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಪುಸ್ತಕದ ರಾಮಾಚಾರಿಯ ಛಲ ಅವನೊಳಗೇ ಹುಟ್ಟಿ ಅವನನ್ನೇ ಸುಡುವಂಥದ್ದು. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟ ತೆರೆಯ ರಾಮಾಚಾರಿಯ ಮೇಲೆ ನಮಗೆ ಮರುಕ ಹುಟ್ಟುತ್ತದೆ, ತಪ್ಪಿನ ಭಾರ ಸದ್ದಿಲ್ಲದೆ ಮೇಷ್ಟ್ರ ಹೆಗಲಿಗೆ ಜಾರುತ್ತದೆ. ವಿಷ್ಣುವರ್ಧನ್ ಎಷ್ಟೇ ಬುಸುಗುಟ್ಟಿದರೂ ನಾವು ಅವನಿಗೆ ಹೆದರುವುದಿಲ್ಲ, ಅವನಿಗಾಗಿ ಅಳುತ್ತೇವೆ. ಚಿತ್ರ ತ.ರಾ.ಸು. ಅವರಿಗೆ ಹಿಡಿಸಲಿಲ್ಲ ಎನ್ನುವುದು ಪ್ರಸಿದ್ಧ. ನಾಗರಹಾವನ್ನು ಕೇರೆಹಾವು ಮಾಡಿದರು ಎಂಬರ್ಥದ ಅವರ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಪುಸ್ತಕ ಓದಿದವರಿಗೆ ಆ ಮಾತಿನ ಹಿಂದಿನ ಸಂಕಟ ಅರ್ಥವಾಗುತ್ತದೆ. ವಿಷ ಕಡಿಮೆಯಾಗಿದೆ, ನಿಜ. ಹಾಗೆಂದು ಚಿತ್ರ ಕೆಟ್ಟದ್ದು ಎನ್ನಲು ಮಾತ್ರ ಮನಸ್ಸು ಒಪ್ಪದು. ವಿಷವನ್ನು ಅಷ್ಟೇ ಉಳಿಸಿಕೊಂಡಿದ್ದರೆ ಮೇಷ್ಟ್ರು ನಮಗೆ ದಕ್ಕುತ್ತಿರಲಿಲ್ಲ.

ಕಥೆ ನಡೆಯುವ ಚಿತ್ರದುರ್ಗದ ವಿಷಯದಲ್ಲಂತೂ ಸಿನಿಮಾ ಲೇಖಕರಿಗೆ ಪೂರ್ತಿ ನ್ಯಾಯ ಸಲ್ಲಿಸಿದೆ. 'ದುರ್ಗಾಸ್ತಮಾನ' ಬರೆದ ತ.ರಾ.ಸು. ಅವರಿಗೆ ಆ ಕೋಟೆ ಉಸಿರಿನಷ್ಟು ಹತ್ತಿರ. ಆ ಬಂಡೆಗಳು ತೆರೆಯ ಮೇಲೆ ಪಾತ್ರಗಳಂತೆಯೇ ನಿಂತಿವೆ. ಜಯಂತಿ ಒನಕೆ ಓಬವ್ವನಾಗಿ ಬರುವ 'ಕನ್ನಡ ನಾಡಿನ ವೀರರಮಣಿಯ' ಹಾಡು ಕಥೆಗೆ ಬೇಕಿಲ್ಲ ಎಂದು ವಾದಿಸಬಹುದು. ಆ ಊರಿನ ನೆತ್ತರಲ್ಲೇ ಹಟವಿದೆ ಎಂದು ಹೇಳಲು ಅದಕ್ಕಿಂತ ಚಿಕ್ಕ ದಾರಿ ಇರಲಿಲ್ಲ. 'ಬಾರೆ ಬಾರೆ' ಹಾಡಿನ ನಿಧಾನಗತಿಯ ಚಿತ್ರಣವೂ ಹಾಗೆಯೇ. ರಾಮಾಚಾರಿಯ ಕಣ್ಣಿಗೆ ಅಲಮೇಲು ಹೇಗೆ ಕಾಣುತ್ತಾಳೆ ಎನ್ನುವುದನ್ನು ಅದು ಮಾತಿಲ್ಲದೆ ತೋರಿಸುತ್ತದೆ. ಈ ಚಿತ್ರದಲ್ಲಿ ಓದುಗ ಹುಡುಕುವ ಆ 'ಒಳಗಣ್ಣು' ಸಂಭಾಷಣೆಗಿಂತ ಹಾಡುಗಳಲ್ಲೇ ಹೆಚ್ಚು ಉಳಿದಿದೆ. ಇದನ್ನು ಮೊದಲು ನೋಡಿ, ಆಮೇಲೆ ಮೂರೂ ಪುಸ್ತಕ ಓದಿ. ಓದಿ ನೋಡಿದರೆ ನಿರಾಸೆ, ನೋಡಿ ಓದಿದರೆ ಎರಡು ಪಟ್ಟು ಲಾಭ.

ಪ್ರತಿಯ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಚಿತ್ರಗಳ ಟಿವಿ ಪ್ರತಿಗಳಲ್ಲಿ ಹಾಡು, ಕೆಲವೊಮ್ಮೆ ಇಡೀ ದೃಶ್ಯಗಳೇ ಕತ್ತರಿಸಿಹೋಗಿರುತ್ತವೆ. "ಆ ಪ್ರಸಂಗವೇ ಇಲ್ಲ" ಎಂದು ನಿರ್ದೇಶಕರನ್ನು ದೂರುವ ಮೊದಲು ಚಿತ್ರದ ಪೂರ್ಣ ಅವಧಿಯೊಂದಿಗೆ ನಿಮ್ಮ ಪ್ರತಿಯ ಅವಧಿಯನ್ನು ಹೋಲಿಸಿ. ಹದಿನೈದು ಇಪ್ಪತ್ತು ನಿಮಿಷ ಕಡಿಮೆ ಇದ್ದರೆ ತಪ್ಪು ಪ್ರತಿಯದು. ಮುಖಗಳೆಲ್ಲ ಅಗಲವಾಗಿ, ಕುಳ್ಳಗೆ ಕಂಡರೆ ಚೌಕಟ್ಟನ್ನು ಪಕ್ಕಕ್ಕೆ ಎಳೆದಿದ್ದಾರೆ ಎಂದರ್ಥ. ಟಿವಿಯ ಸೆಟ್ಟಿಂಗ್‌ನಲ್ಲಿ 4:3 ಆರಿಸಿಕೊಂಡರೆ ಸರಿಹೋಗುತ್ತದೆ. 'ನಾಗರಹಾವು' 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಬಿಡುಗಡೆಯಾಯಿತು. ಬಹಳಷ್ಟು ಚಿತ್ರಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

'ಸಂಸ್ಕಾರ' (1970) ಬೇರೆ ಜಾತಿಯ ಚಿತ್ರ. 113 ನಿಮಿಷ, ಕಪ್ಪು ಬಿಳುಪು, ಶೃಂಗೇರಿ ಕಡೆಯ ವೈಕುಂಠಪುರದಲ್ಲಿ ಚಿತ್ರೀಕರಣ. ಯು.ಆರ್. ಅನಂತಮೂರ್ತಿಯವರ ಕಾದಂಬರಿಗೆ ಗಿರೀಶ ಕಾರ್ನಾಡ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿಯೂ ನಟಿಸಿದರು, ನಿರ್ದೇಶನ ಪಟ್ಟಾಭಿರಾಮ ರೆಡ್ಡಿ ಅವರದು. ಮೊದಲ ಭಾಗದಲ್ಲಿ ಸಿನಿಮಾ ಪುಸ್ತಕವನ್ನೂ ಮೀರಿಸುತ್ತದೆ. ಕಟ್ಟಳೆಗಳನ್ನೆಲ್ಲ ಮುರಿದು ಬದುಕಿದ ನಾರಣಪ್ಪ ಸತ್ತಿದ್ದಾನೆ; ಅವನ ಹೆಣ ಎತ್ತುವವರೆಗೂ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಈ ಒಂದು ಕಟ್ಟಳೆಯಿಂದ ಹುಟ್ಟುವ ಹಸಿವು, ಸಣ್ಣತನ, ಅವನ ಜೊತೆ ಬಾಳಿದ ಚಂದ್ರಿ ಬಿಚ್ಚಿಟ್ಟ ಒಡವೆಯ ಮೇಲಿನ ಕಣ್ಣು, ಇವನ್ನೆಲ್ಲ ಓದುವುದೇ ಬೇರೆ, ಮುಖಗಳಲ್ಲಿ ಕಾಣುವುದೇ ಬೇರೆ. ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕ್ಯಾಮೆರಾ ಮಲೆನಾಡನ್ನು ಕ್ಯಾಲೆಂಡರ್ ಚಿತ್ರದಂತೆ ಚಂದಗಾಣಿಸುವ ಗೋಜಿಗೆ ಹೋಗಿಲ್ಲ.

ಕಾದಂಬರಿಯ ಕೊನೆಯ ಭಾಗ ಮಾತ್ರ ತೆರೆಗೆ ದಕ್ಕಿಲ್ಲ. ಊರು ಬಿಟ್ಟ ಆಚಾರ್ಯರು ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಮೇಳಿಗೆಯ ತೇರಿನಲ್ಲಿ ಅಲೆಯುವಾಗ ಅವರ ತಲೆಯೊಳಗೆ ನಡೆಯುವ ವಾದ, ಪ್ರತಿವಾದ, ಭಯವೇ ಆ ಪುಟಗಳ ಜೀವಾಳ. ಹೊರಗೆ ನಡೆಯುವುದು ಬಹಳ ಕಡಿಮೆ: ಕಾಫಿ, ಕೋಳಿ ಅಂಕ, ಜಾತ್ರೆಯ ಗದ್ದಲ. ಕ್ಯಾಮೆರಾಕ್ಕೆ ಸಿಗುವುದು ಅಷ್ಟೇ. ಹಾಗಾಗಿ ಪುಸ್ತಕದಲ್ಲಿ ನೆರಳಿನಂತೆ ಅಂಟಿಕೊಂಡ ಪುಟ್ಟ ತೆರೆಯ ಮೇಲೆ ಬರೀ ವಾಚಾಳಿ ಜೊತೆಗಾರನಾಗಿ ಕಾಣುತ್ತಾನೆ. ಪುಸ್ತಕ ಓದದೆ ನೋಡಿದವರಿಗೆ ಚಿತ್ರ ಕೊನೆಯಲ್ಲಿ ಸಡಿಲವಾಯಿತು ಎನಿಸಿದರೆ ಕಾರಣ ಇದು. ಇಲ್ಲಿ ಅನುಮಾನವೇ ಬೇಡ, ಪುಸ್ತಕ ಮೊದಲು.

ಭಾಷೆಯ ವಿಷಯಕ್ಕೆ ಬಂದರೆ 'ಪರಸಂಗದ ಗೆಂಡೆತಿಮ್ಮ' (1978) ಎಲ್ಲರಿಗೂ ಪಾಠ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯ ರುಚಿ ಇರುವುದೇ ಹಳ್ಳಿಯ ಆಡುಮಾತಿನಲ್ಲಿ. ಕಾದಂಬರಿಗಳು ಸಿನಿಮಾ ಆಗುವಾಗ ಮೊದಲು ಸಾಯುವುದು ಈ ಆಡುಮಾತು. ಎಲ್ಲ ಕಡೆಯ ಪ್ರೇಕ್ಷಕರಿಗೂ ಅರ್ಥವಾಗಲಿ ಎಂದು ಮಲೆನಾಡು, ಬಯಲುಸೀಮೆ, ಕರಾವಳಿ ಎಲ್ಲವನ್ನೂ ಒಂದೇ ಪುಸ್ತಕದ ಕನ್ನಡಕ್ಕೆ ಇಳಿಸಿಬಿಡುತ್ತಾರೆ. ಇಲ್ಲಿ ಹಾಗಾಗಿಲ್ಲ. ಗೆಂಡೆತಿಮ್ಮನಾದ ಲೋಕೇಶ್ ಬಾಯಲ್ಲಿ ಆ ಮಾತು ತೊಟ್ಟ ಬಟ್ಟೆಯಷ್ಟು ಸಹಜ. ದೊಡ್ಡರಂಗೇಗೌಡರು ಬರೆದ 'ತೇರ ಏರಿ ಅಂಬರದಾಗೆ' ಕೂಡ ಅದೇ ನುಡಿಯಲ್ಲಿದೆ. ಹಾಗಾಗಿ ಹಾಡು ಶುರುವಾದಾಗ ಊರು ಬಿಟ್ಟು ಬೇರೆಲ್ಲೋ ಹೋದಂತೆ ಅನಿಸುವುದಿಲ್ಲ. ಇದನ್ನು ಯಾವುದರಿಂದ ಶುರು ಮಾಡಿದರೂ ನಷ್ಟವಿಲ್ಲ.

ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936) ಓದಿದವರು ಕಾರ್ನಾಡರ 1999ರ ಚಿತ್ರ ನೋಡಿ ಬಡಕಲಾಯಿತು ಎಂದರೆ ತಪ್ಪು ಹೇಳಲಾಗದು. ತಾರಾ ಅವರ ಹೆಗ್ಗಡಿತಿ ಸುಬ್ಬಮ್ಮ ಗಟ್ಟಿಯಾಗಿ ನಿಂತಿದ್ದಾಳೆ. ಆದರೆ ಕಾದಂಬರಿಯ ಕಾಡು, ಬೇಟೆ, ನಾಯಿ, ಆಳುಕಾಳುಗಳ ಲೋಕ ಎರಡು ಗಂಟೆಯ ಚೀಲದಲ್ಲಿ ಹಿಡಿಯುವಂಥದ್ದಲ್ಲ. ಅದೇ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಮೈಸೂರಿನ ರಂಗಾಯಣ 2010ರಲ್ಲಿ ರಂಗಕ್ಕೆ ತಂದಾಗ ಸಿ. ಬಸವಲಿಂಗಯ್ಯನವರು ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಗಳ ಪ್ರಯೋಗ ಮಾಡಿದರು. ಜನ ಬೆಳಗಿನವರೆಗೂ ಕುಳಿತರು. ದೊಡ್ಡ ಕಾದಂಬರಿಗೆ ಬೇಕಾದ ಹೊತ್ತು ಕೊಟ್ಟರೆ ಕನ್ನಡದ ಪ್ರೇಕ್ಷಕ ಓಡಿಹೋಗುವುದಿಲ್ಲ. ಕಂತುಗಳಲ್ಲಿ ಕಥೆ ಹೇಳುವ ಈ ಕಾಲದಲ್ಲಿ 'ಕಾನೂರು'ವನ್ನು ಹತ್ತು ಕಂತಿನಲ್ಲಿ ನೋಡುವ ಆಸೆ ಓದುಗರಿಗೆ ಇರುವುದು ಅತಿಯಾಸೆಯಲ್ಲ.

ಪುಸ್ತಕಕ್ಕೆ ನಿಷ್ಠವಾಗಿಲ್ಲ ಎಂದು ಓದುಗರಿಂದ ಹೆಚ್ಚು ಪ್ರಶ್ನೆ ಎದುರಿಸುವವು ಗಿರೀಶ ಕಾಸರವಳ್ಳಿಯವರ ಚಿತ್ರಗಳು. ಅವರು ಕತ್ತರಿಸುವುದಷ್ಟೇ ಅಲ್ಲ, ನೋಡುವ ಕಣ್ಣನ್ನೇ ಬದಲಿಸುತ್ತಾರೆ. ಎಸ್.ಎಲ್. ಭೈರಪ್ಪನವರ 'ನಾಯಿ ನೆರಳು' ಪುನರ್ಜನ್ಮದ ಸುತ್ತ ಹೆಣೆದ ಕಥೆ. 2006ರ ಚಿತ್ರ ಪುನರ್ಜನ್ಮ ನಿಜವೋ ಸುಳ್ಳೋ ಎಂಬುದನ್ನು ಪಕ್ಕಕ್ಕಿಟ್ಟು, ತೀರಿಕೊಂಡ ಗಂಡನೇ ಮರಳಿ ಬಂದಿದ್ದಾನೆ ಎಂದು ಊರೆಲ್ಲ ಹೇಳುವಾಗ ಆ ವಿಧವೆಗೆ ಏನಾಗುತ್ತದೆ ಎಂದು ಕೇಳುತ್ತದೆ. ಪವಿತ್ರಾ ಲೋಕೇಶ್ ಅವರ ವೆಂಕಟಲಕ್ಷ್ಮಿಯೇ ಚಿತ್ರದ ನಡುಗಂಬ. ಭೈರಪ್ಪನವರ ವಾದವನ್ನು ಹುಡುಕಿಕೊಂಡು ಹೋದವರಿಗೆ ಇದು ಬೇರೆ ಕೃತಿಯೇ. ಹಾಗೆ ಬೇರೆ ಎಂದು ಒಪ್ಪಿಕೊಂಡು ನೋಡಿದರೆ ಕೊನೆಯವರೆಗೂ ಹಿಡಿತ ಬಿಡದ ಚಿತ್ರ.

'ದ್ವೀಪ' (2002) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾ. ಡಿಸೋಜ ಅವರ ಕಾದಂಬರಿಯ ಗಣಪಯ್ಯ, ನಾಗವೇಣಿ ಚಿತ್ರದಲ್ಲಿ ಗಣಪ, ನಾಗಿ ಆದರು. ಹೆಸರಿನ ಜೊತೆಗೆ ಅವರ ಜಾತಿ, ಊರಿನಲ್ಲಿ ಅವರ ಸ್ಥಾನವೂ ಬದಲಾಯಿತು. ಅಣೆಕಟ್ಟಿನ ನೀರು ಏರುತ್ತಾ ಮನೆಯ ಗುಡ್ಡ ದ್ವೀಪವಾಗುವುದು ಎರಡರಲ್ಲೂ ಒಂದೇ. ಪುಸ್ತಕದಲ್ಲಿ ಮುಳುಗಡೆಯ ಸಂಕಟ ಎದೆ ಹಿಂಡಿದರೆ, ತೆರೆಯಲ್ಲಿ ನಾಗಿಯ ದುಡಿಮೆ ಕಣ್ಣಿಗೆ ಕಟ್ಟುತ್ತದೆ. ಚಿತ್ರವನ್ನು ನಿರ್ಮಿಸಿ ನಾಗಿಯಾಗಿ ನಟಿಸಿದ ಸೌಂದರ್ಯ ಅವರ ವೃತ್ತಿಜೀವನದಲ್ಲಿ ಇದಕ್ಕೆ ಸಾಟಿಯಾದ ಪಾತ್ರವಿಲ್ಲ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾದಲ್ಲಿ ಮಳೆ ಬರೀ ಹಿನ್ನೆಲೆಯಲ್ಲ, ಬಾಗಿಲಿಗೆ ಬಂದು ನಿಂತ ಶತ್ರು. ಒಬ್ಬಂಟಿಯಾಗಿ ರಾತ್ರಿಯನ್ನು ಎದುರಿಸಿ ಮನೆ ಉಳಿಸಿಕೊಂಡವಳು ನಾಗಿ. ಮಳೆ ಇಳಿದ ಮೇಲೆ ಗಂಡ ಅದೆಲ್ಲ ದೇವರ ಕೃಪೆ ಎಂದುಬಿಡುತ್ತಾನೆ. ಆಗ ಅವಳ ಮುಖ ನೋಡಿ. ಈ ಚಿತ್ರವನ್ನು ಕಿವಿಗೆ ಹೆಡ್‌ಫೋನ್ ಹಾಕಿ, ಕೋಣೆಯ ದೀಪ ಆರಿಸಿ, ಸಾಧ್ಯವಾದರೆ ಮಳೆಗಾಲದ ಒಂದು ರಾತ್ರಿ ನೋಡಿ; ಮರುದಿನ ಪುಸ್ತಕ ಕೈಗೆತ್ತಿಕೊಳ್ಳಿ.