ಫೈರ್ ಎಂಜಿನ್ ಮಾಡೆಲ್: ಪ್ಲಾಸ್ಟಿಕ್ ಕಿಟ್ಟಾ, ಸನ್‌ಬೋರ್ಡಾ?

ನನ್ನ ಕಪಾಟಿನಲ್ಲಿ ಎರಡು ಕೆಂಪು ಗಾಡಿಗಳು ಪಕ್ಕಪಕ್ಕ ನಿಂತಿವೆ. ಒಂದು ಅಮೆರಿಕನ್ ಲಾಫ್ರಾನ್ಸ್ ಕಂಪನಿಯ ಪಂಪರ್, ಅಂದರೆ ನೀರು ಪಂಪ್ ಮಾಡುವ ಫೈರ್ ಎಂಜಿನ್. 1:25 ಅಳತೆಯ (ನಿಜದ ಗಾಡಿಯ ಇಪ್ಪತ್ತೈದನೇ ಒಂದು ಭಾಗ) ಪ್ಲಾಸ್ಟಿಕ್ ಕಿಟ್, ಡಲ್ಲಾಸ್‌ನಲ್ಲಿರುವ ಭಾವ ರಜೆಗೆ ಬಂದಾಗ ತಂದುಕೊಟ್ಟಿದ್ದು. ಇನ್ನೊಂದು ಉದ್ದ ಮೂತಿಯ ಹಳೆ ಟಾಟಾ ಮರ್ಸಿಡಿಸ್ ಫೈರ್ ಎಂಜಿನ್. 1:24, ಸನ್‌ಬೋರ್ಡ್ ಅನ್ನುವ ಪಿವಿಸಿ ಫೋಮ್ ಹಾಳೆಯಲ್ಲಿ ನಾನೇ ಕತ್ತರಿಸಿ ಮಾಡಿದ್ದು. ಎರಡನ್ನೂ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಯಾಕಂದ್ರೆ ಲಾರಿ ಮಾಡೆಲ್ ಶುರು ಮಾಡಬೇಕು ಅಂತಿರುವವರು ಮೊದಲು ಕೇಳುವುದೇ ಕಿಟ್ ತಗೊಳ್ಳೋದಾ, ಸನ್‌ಬೋರ್ಡಿನಲ್ಲಿ ಮಾಡೋದಾ ಅಂತ.

ಕಿಟ್ ವಿಷಯ ಮೊದಲು ಹೇಳಿಬಿಡ್ತೀನಿ. ಡಬ್ಬಿ ತೆಗೆದರೆ ಎಲ್ಲವೂ ಇದೆ. ಎಂಜಿನ್, ಛಾಸಿ, ಏಣಿ, ಪಕ್ಕದ ಪಂಪ್ ಪ್ಯಾನೆಲ್ಲಿನ ಸಾಸಿವೆ ಗಾತ್ರದ ಗೇಜುಗಳು. ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಹಾಗಾಗಿ ಜೋಡಣೆ ಗಟ್ಟಿ. ಕ್ರೋಮ್ ಭಾಗಗಳಲ್ಲಿ ಮಾತ್ರ ಹುಷಾರು. ಕ್ರೋಮ್ ಮೇಲೆ ಅಂಟು ಹಿಡಿಯುವುದಿಲ್ಲ. ಕೂಡುವ ಜಾಗದಲ್ಲಿ ಬ್ಲೇಡಿನಿಂದ ಕೆರೆಯಬೇಕು. ನಾನು ಕೆರೆಯದೆ ಬಂಪರ್ ಅಂಟಿಸಿದ್ದೆ, ಎರಡು ದಿನಕ್ಕೆ ಕೈಗೆ ಬಂತು. ಜಾಸ್ತಿ ಹೊಳೆಯುತ್ತೆ ಅನಿಸಿದ ತುಂಡುಗಳನ್ನು ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ನೆನೆಸಿಟ್ಟರೆ ಕ್ರೋಮ್ ಪೂರ್ತಿ ಬಿಡುತ್ತದೆ.

ಈ ಗಾಡಿಯ ಚಂದ ಅದರ ಮುಖದಲ್ಲಿದೆ. ಲಾಫ್ರಾನ್ಸ್‌ನವರು 1947ರ 700 ಸೀರೀಸ್‌ನಲ್ಲೇ ಕ್ಯಾಬನ್ನು ಮುಂದಿನ ಚಕ್ರಕ್ಕಿಂತ ಮುಂದೆ ತಂದುಬಿಟ್ಟಿದ್ದರು. ಡ್ರೈವರ್‌ಗೆ ರಸ್ತೆ ಚೆನ್ನಾಗಿ ಕಾಣುತ್ತೆ, ಇಕ್ಕಟ್ಟಾದ ತಿರುವಿನಲ್ಲೂ ಅನುಕೂಲ. ಆ ಚಪ್ಪಟೆ ಮುಖವನ್ನು ಜೋಡಿಸುತ್ತಾ ಕೂತಾಗ ಇದು ಕೈಗೇ ತಿಳಿಯುತ್ತದೆ.

ಆದರೆ ನನ್ನ ಕಣ್ಣಲ್ಲಿ ಉಳಿದಿರುವ ಫೈರ್ ಎಂಜಿನ್ ಅದಲ್ಲ. ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದಲ್ಲ, 1944ರ ಆ ದಿನ ಮುಂಬೈ ಬಂದರಿನಲ್ಲಿ ಹಡಗು ಸಿಡಿದಾಗ ಸತ್ತ 66 ಅಗ್ನಿಶಾಮಕರ ನೆನಪಿಗೆ ಮಾಡುವುದು, ಆ ಸಪ್ತಾಹದಲ್ಲಿ ಅಪ್ಪ ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರು. ಶೆಡ್ಡಿನ ಮೂಲೆಯಲ್ಲಿ ಹಳೆ ಮೂತಿ ಗಾಡಿ ನಿಂತಿತ್ತು, ಹಿತ್ತಾಳೆ ಗಂಟೆ ಸಮೇತ. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಮತ್ತು ಮರ್ಸಿಡಿಸ್ ಮಾಡುವ ಡೈಮ್ಲರ್-ಬೆನ್ಜ್ 1954ರಿಂದ 15 ವರ್ಷ ಜೊತೆಯಾಗಿ ಲಾರಿ ಮಾಡಿದರು. ಒಪ್ಪಂದ ಮುಗಿದ ಮೇಲೆ ಮೂತಿಯ ಮೇಲಿನ ಮರ್ಸಿಡಿಸ್ ನಕ್ಷತ್ರ ಹೋಗಿ ಟಾಟಾದ ಟಿ ಬಂತು. ನಾನು ನೋಡಿದ್ದರಲ್ಲಿ ನಕ್ಷತ್ರ ಇತ್ತು. ಅದರ ಕಿಟ್ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಅದಕ್ಕೇ ಸನ್‌ಬೋರ್ಡ್.

ಸನ್‌ಬೋರ್ಡ್ ಫ್ಲೆಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಬೋರ್ಡ್ ಕತ್ತರಿಸಿ ಉಳಿದ ತುಂಡು ಕೇಳಿದರೆ ಸುಮ್ನೆ ಕೊಡುತ್ತಾರೆ. ಕೊಳ್ಳುವಾಗ ಒಂದು ನೋಡಿಕೊಳ್ಳಿ: ಎರಡು ಕಡೆ ಕಾಗದ, ಒಳಗೆ ಥರ್ಮಾಕೋಲ್ ಇರುವ ಹಾಳೆ ಬೇಡ. ನನ್ನ ಮೊದಲ ಕ್ಯಾಬ್ ಅದರಲ್ಲೇ ಮಾಡಿದ್ದು. ಸ್ಪ್ರೇ ಹೊಡೆದ ತಕ್ಷಣ ಕತ್ತರಿಸಿದ ಅಂಚಿನಿಂದ ಒಳಗೆಲ್ಲ ಕರಗಿ ಹೋಯಿತು. ಪಿವಿಸಿ ಫೋಮ್ ಹಾಳೆಯೇ ಬೇಕು.

ಈಗ ಲೆಕ್ಕ. 3 ಮಿ.ಮೀ. ಹಾಳೆ 1:24ರಲ್ಲಿ 72 ಮಿ.ಮೀ. ದಪ್ಪದ ತಗಡಾಗುತ್ತದೆ! ಅದಕ್ಕೇ ಬಾಗಿಲು, ಕಿಟಕಿ ಚೌಕಟ್ಟು ಗೋಡೆಯ ಹಾಗೆ ಕಾಣುತ್ತವೆ. ಒಳಗಿನ ಅಂಚನ್ನು ಓರೆಯಾಗಿ ಹೆರೆದರೆ ಸ್ವಲ್ಪ ತೆಳ್ಳಗಾಗುತ್ತದೆ, ಆದರೂ ಕಿಟ್ಟಿನ ಅಚ್ಚುಕಟ್ಟು ಬರುವುದಿಲ್ಲ, ಇದರಲ್ಲಿ ಕಿಟ್ಟೇ ಗೆದ್ದಿತು. ಗುಂಡಗಿನ ಮಡ್‌ಗಾರ್ಡ್‌ಗೆ ಪಟ್ಟಿ ಕತ್ತರಿಸಿ ಕುದಿಯುವ ಹತ್ತಿರ ಬಂದ ನೀರಿನಲ್ಲಿ ಅದ್ದಿ, ಮೆತ್ತಗಾದಾಗ ಔಷಧಿ ಬಾಟಲಿಗೆ ಸುತ್ತಿ ಹಿಡಿದೆ. ತಣ್ಣಗಾದರೆ ಹಾಗೇ ನಿಲ್ಲುತ್ತದೆ. ಸಂದಿಗೆ ಎಂ-ಸೀಲ್, ಅದರ ಮೇಲೆ ಕಾರು ಟಿಂಕರಿಂಗ್‌ನವರ ಪುಟ್ಟಿ, ಆಮೇಲೆ ನೀರು ಹಾಕಿ ಎಮರಿ ಪೇಪರ್. ಮೂತಿ ಸರಿ ಬರಲು ಐದು ಭಾನುವಾರ ಹಿಡಿಯಿತು. ಆ ಐದು ಭಾನುವಾರಗಳೇ ನನಗೆ ಇಡೀ ಕೆಲಸದಲ್ಲಿ ಹೆಚ್ಚು ಖುಷಿ ಕೊಟ್ಟವು.

ಸಣ್ಣ ಸಾಮಾನಿಗೆ ಮನೆಯೆಲ್ಲ ಹುಡುಕಿದೆ. ಗಂಟೆಗೆ ಅಕ್ಕನ ಜೋಡಿ ತಪ್ಪಿದ ಜುಮುಕಿ. ನೀರೆಳೆಯುವ ಸಕ್ಷನ್ ಪೈಪು ನಿಜದಲ್ಲಿ 100 ಮಿ.ಮೀ., ಇಲ್ಲಿ 4 ಮಿ.ಮೀ. ಕರಿ ಕರೆಂಟ್ ವೈರಿಗೆ ದಾರ ಸುತ್ತಿದರೆ ಅದರ ಉಂಗುರಗಳೂ ಬಂದವು. 63 ಮಿ.ಮೀ. ಹೋಸ್ ಪೈಪು ಖಾಲಿ ಇದ್ದಾಗ ಚಪ್ಪಟೆ, ಅಗಲ ಸುಮಾರು 10 ಸೆ.ಮೀ. ನಮ್ಮ ಅಳತೆಗೆ 4 ಮಿ.ಮೀ. ಕಾಟನ್ ಟೇಪು, ಟೈಲರ್ ಹತ್ತಿರ ಸಿಕ್ಕಿತು. ಕಿಟ್ಟಿನಲ್ಲಿ ಇಷ್ಟು ತಲೆ ಓಡಿಸುವ ಅಗತ್ಯ ಬೀಳಲೇ ಇಲ್ಲ.

ಬಣ್ಣಕ್ಕೆ ಒಂದೊಂದು ಗಾಡಿಗೆ ಒಂದೊಂದು ದಾರಿ ಹಿಡಿದೆ. ಕಿಟ್ಟಿಗೆ ಸ್ಪ್ರೇ ಕ್ಯಾನ್, ಸನ್‌ಬೋರ್ಡಿಗೆ ಹಾರ್ಡ್‌ವೇರ್ ಅಂಗಡಿಯ ಎನಾಮಲ್. ಅಂಗಡಿಯಲ್ಲಿ ಸಿಗ್ನಲ್ ರೆಡ್, ಪಿ.ಓ. ರೆಡ್ ಎರಡೂ ಇರುತ್ತವೆ. ಪಿ.ಓ. ಅಂದರೆ ಪೋಸ್ಟ್ ಆಫೀಸ್, ಅಂಚೆ ಡಬ್ಬಿಯ ಬಣ್ಣ. ಎರಡನ್ನೂ ತುಂಡಿನ ಮೇಲೆ ಹಚ್ಚಿ ನೋಡಿ ಪಿ.ಓ. ರೆಡ್ ಹಿಡಿದೆ. ಕೆಂಪಿನ ಅಡಿಗೆ ಬೂದು ಪ್ರೈಮರ್ ಬೇಡ, ಬಣ್ಣ ಮಂಕಾಗುತ್ತದೆ, ಬಿಳಿ ಹಾಕಿ. ಸ್ಪ್ರೇ ನುಣುಪು ನಿಜ, ಆದರೆ ಜುಲೈ ಮಳೆಯಲ್ಲಿ ಹೊಡೆದು ಬಾಗಿಲ ಮೇಲೆ ಹಾಲಿನಂಥ ಮಬ್ಬು ಕೂತಿತು. ಬಿಸಿಲು ಬರೋವರೆಗೆ ಕಾಯಬೇಕಿತ್ತು. ಎನಾಮಲ್ಲಿನಲ್ಲಿ ಬ್ರಷ್ ಗೆರೆ ಉಳಿದಿದೆ. ನನಗೆ ಅದು ಇಷ್ಟವೇ ಆಯಿತು, ಹಳೆ ಗಾಡಿಗೆ ಎಷ್ಟೋ ಸಲ ಕೈಯಲ್ಲೇ ಬಣ್ಣ ಬಳಿದ ಹಾಗೆ ಕಾಣುತ್ತದೆ.

ನಮ್ಮ ಬೀದಿಯಲ್ಲಿ ಅಗ್ನಿಶಾಮಕ ಠಾಣೆಯಿಂದ ರಿಟೈರ್ ಆದ ಯಜಮಾನರೊಬ್ಬರಿದ್ದಾರೆ. ಎರಡನ್ನೂ ತೋರಿಸಿದೆ. ಅಮೆರಿಕದ್ದನ್ನು ನೋಡಿ "ಚೆನ್ನಾಗಿದೆ" ಅಂದರು. ಮೂತಿ ಗಾಡಿಯನ್ನು ಕೈಗೆ ತೆಗೆದುಕೊಂಡು ಹಿಂದಿನ ಪಂಪ್ ಕಡೆ ತಿರುಗಿಸಿ, "ನೋಡಪ್ಪಾ, ಹೋಸ್ ಹೀಗೆ ಸುತ್ತಬಾರದು. ಮಧ್ಯಕ್ಕೆ ಮಡಿಚಿ ಸುತ್ತಬೇಕು, ಎರಡೂ ತುದಿಯ ಕಪ್ಲಿಂಗ್ ಹೊರಗಡೆ ಬರಬೇಕು. ಆಗಲೇ ಒಬ್ಬ ಹಿಡಕೊಂಡು ಓಡೋಕಾಗೋದು" ಅಂದರು. ಅವತ್ತು ರಾತ್ರಿಯೇ ಎಲ್ಲ ಬಿಚ್ಚಿ ಮತ್ತೆ ಸುತ್ತಿದೆ.

ಕೇಳಿದರೆ ನಾನು ಹೇಳುವುದಿಷ್ಟು. ಕೈ ಪಳಗಬೇಕಾದರೆ ಕಿಟ್ ತಗೊಳ್ಳಿ, ಛಾಸಿ ಮೇಲೆ ಏನು ಎಲ್ಲಿ ಕೂರುತ್ತದೆ ಅಂತ ಅದರಿಂದಲೇ ಕಲಿತೆ. ನಿಮ್ಮೂರಿನ ಗಾಡಿಯೇ ಬೇಕಾದರೆ ಸನ್‌ಬೋರ್ಡ್ ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ. ಆಟಿಕೆ ಲಾರಿ ತಂದು ಬದಲಾಯಿಸುವುದನ್ನೂ ನೋಡಿದೆ. ಚಕ್ರ ಬಿಟ್ಟರೆ ಏನೂ ಉಪಯೋಗಕ್ಕೆ ಬರಲಿಲ್ಲ.

ಆ ಚಕ್ರವೂ ಪೂರ್ತಿ ಸರಿಯಿಲ್ಲ. ನಿಜದ ಲಾರಿಯ 9.00-20 ಸೈಜಿನ ಟೈರು 1:24ಕ್ಕೆ 42 ಮಿ.ಮೀ. ಎತ್ತರ ಬರಬೇಕು, ನನ್ನದು 38. ಮುಂದಿನ ಡಿಸ್ಕ್ ಉಬ್ಬಿರಬೇಕು, ಹಿಂದಿನದು ಒಳಗೆ ತಗ್ಗಿರಬೇಕು, ಆಟಿಕೆಯಲ್ಲಿ ಆರೂ ಒಂದೇ ಥರ. ಸರಿಯಾದ ಅಳತೆಯದು ಎಲ್ಲಿ ಸಿಗುತ್ತೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಆರು ಬೇಕು.