ಕ್ಯಾನ್-ಆಮ್ ಸ್ಪೈಡರ್ ಆರ್‌ಟಿ: ಎರಡು ಚಕ್ರ ಬಿಟ್ಟು ನಾಲ್ಕನೇ ವರ್ಷ

ಬೈಕ್ ಓಡಿಸೋಕೆ ಆಗ್ತಿಲ್ಲ ಅಂತ ನಾನು ಮೂರು ಚಕ್ರಕ್ಕೆ ಬಂದಿದ್ದಲ್ಲ, ನಿಲ್ಲಿಸೋಕೆ ಆಗ್ತಿಲ್ಲ ಅಂತ ಬಂದಿದ್ದು. ಎಡ ಮೊಣಕಾಲಿನ ಆಪರೇಷನ್ ಆದ್ಮೇಲೆ, ಹಿಂದೆ ಮನೆಯವ್ರನ್ನ ಕೂರಿಸ್ಕೊಂಡು ಸುಮಾರು 380 ಕೆಜಿ ಹೋಂಡಾ ಗೋಲ್ಡ್‌ವಿಂಗ್ ಬೈಕ್‌ನ ಸ್ಯಾನ್‌ಫ್ರಾನ್ಸಿಸ್ಕೋ ಏರಲ್ಲಿ ಸಿಗ್ನಲ್ ಬೀಳೋವರೆಗೂ ಹಿಡ್ಕೊಂಡು ನಿಲ್ಲೋದಿದ್ಯಲ್ಲ, ಅದು ಸಾಕಾಗಿ ಹೋಯ್ತು. ಮೈಸೂರಲ್ಲಿ ಯೆಜ್ಡಿ ಓಡಿಸಿ ಬೆಳೆದವನು ನಾನು, ಕಿಕ್ಕೂ ಅದೇ ಲಿವರ್ ಗೇರೂ ಅದೇ ಲಿವರ್ ಇದ್ದ ಕಾಲ, ಗಾಡಿ ಮಾರಿ ಸುಮ್ನೆ ಕಾರಲ್ಲಿ ಓಡಾಡೋಕೆ ಮನಸ್ಸಾಗ್ಲಿಲ್ಲ.

ಸ್ಪೈಡರ್ ಗೊತ್ತಿಲ್ದೇ ಇರೋರಿಗೆ: ಕೆನಡಾದ ಬಿಆರ್‌ಪಿ ಕಂಪನಿದು, 2007ರಲ್ಲಿ ಬಂತು, ಆರ್‌ಟಿ ಅಂದ್ರೆ ಅದ್ರ ಟೂರಿಂಗ್ ಮಾಡೆಲ್. ಮುಂದೆ ಎರಡು ಚಕ್ರ ಹಿಂದೆ ಒಂದು, ನಮ್ಮ ಆಟೋನ ಹಿಂದುಮುಂದು ಮಾಡಿದ ಹಾಗೆ. ಸುಮ್ನೆ ಚಂದಕ್ಕೆ ಹಾಗೆ ಮಾಡಿಲ್ಲ, ಬ್ರೇಕ್ ಹಾಕ್ದಾಗ ಭಾರ ಎಲ್ಲಾ ಮುಂದಕ್ಕೆ ಬರುತ್ತೆ, ಅಲ್ಲಿ ಎರಡು ಚಕ್ರ ಇದ್ರೆ ಗಾಡಿ ಮೂಲೆಗೆ ಮುಗ್ಗರಿಸಲ್ಲ. ಹಾರ್ಲೆಯವರ ಟ್ರೈ ಗ್ಲೈಡ್ ನಮ್ಮ ಆಟೋ ಥರಾನೇ ಮುಂದೆ ಒಂದು ಹಿಂದೆ ಎರಡು, ಅದನ್ನೂ ನೋಡ್ದೆ, ನಂಗೆ ಇದೇ ಸರಿ ಅನ್ನಿಸ್ತು. 1330 ಸಿಸಿ ಮೂರು ಸಿಲಿಂಡರ್ ರೋಟ್ಯಾಕ್ಸ್ ಇಂಜಿನ್, ಆರು ಗೇರು, ಕ್ಲಚ್ ಇಲ್ಲ. ಎಡಗೈ ಹೆಬ್ಬೆರಳಲ್ಲಿ ಒತ್ತಿದ್ರೆ ಗೇರ್ ಮೇಲೆ ಹೋಗುತ್ತೆ, ಸ್ಲೋ ಆದ್ರೆ ಕೆಳಗೆ ಅದೇ ಇಳ್ಕೊಳುತ್ತೆ. ರಿವರ್ಸ್ ಗೇರ್ ಕೂಡ ಇದೆ ಸ್ವಾಮಿ, ಇಳಿಜಾರಲ್ಲಿ ಪಾರ್ಕ್ ಮಾಡಿದ ಗಾಡಿನ ಕಾಲಲ್ಲಿ ತಳ್ಳಿ ತಳ್ಳಿ ಹಿಂದೆ ತೆಗೆಯೋ ಕಷ್ಟ ಗೊತ್ತಿರೋರಿಗೇ ಇದ್ರ ಬೆಲೆ ಗೊತ್ತು.

ಈಗ ಮುಖ್ಯ ವಿಷ್ಯ. ಇದು ಬೈಕ್ ಅಲ್ಲ. ಎಷ್ಟು ವರ್ಷ ಬೈಕ್ ಓಡಿಸಿದ್ರೂ ಮೊದಲ ತಿಂಗಳು ನೀವು ಹೊಸಬ್ರೇ, ನಿಜ ಹೇಳ್ಬೇಕಂದ್ರೆ ಬೈಕೇ ಓಡಿಸದೇ ಇರೋರು ಇದನ್ನ ಬೇಗ ಕಲೀತಾರೆ. ಬೈಕಲ್ಲಿ ಎಡಕ್ಕೆ ತಿರುಗ್ಬೇಕಂದ್ರೆ ಎಡ ಹ್ಯಾಂಡಲ್ ತಳ್ತೀವಿ, ಗಾಡಿ ವಾಲುತ್ತೆ, ನಾವು ಯೋಚ್ನೆನೂ ಮಾಡಲ್ಲ. ಇಲ್ಲಿ ಎಡ ಹ್ಯಾಂಡಲ್ ತಳ್ಳಿದ್ರೆ ಗಾಡಿ ಬಲಕ್ಕೆ ಹೋಗುತ್ತೆ! ಎಡಕ್ಕೆ ಹೋಗ್ಬೇಕಂದ್ರೆ ಬಲಗೈ ತಳ್ಬೇಕು, ಗಾಡಿ ವಾಲಲ್ಲ, ನಮ್ಮ ಮೈನ ಮಾತ್ರ ತಿರುವಿನ ಒಳಗಡೆಗೆ ಬಗ್ಗಿಸ್ಬೇಕು, ಇಲ್ಲಾಂದ್ರೆ ಹೊರಗಡೆಗೆ ಎತ್ತಿ ಒಗೆದಂಗೆ ಆಗುತ್ತೆ. ಬಲಗೈ ಬೆರಳುಗಳು ಇಲ್ಲದ ಬ್ರೇಕ್ ಲಿವರ್ ಹುಡುಕ್ತಾನೇ ಇರ್ತವೆ, ಯಾಕಂದ್ರೆ ಬ್ರೇಕ್ ಒಂದೇ, ಬಲಗಾಲಲ್ಲಿ, ಅದೊಂದೇ ಪೆಡಲ್ ಮೂರೂ ಚಕ್ರ ಹಿಡಿಯುತ್ತೆ. ಭುಜ ನೋಯುತ್ತೆ ಅಂತ ಎಷ್ಟೋ ಜನ ಶುರುವಲ್ಲೇ ಮಾರಿಬಿಡ್ತಾರೆ, ಹ್ಯಾಂಡಲ್ ಬಿಗಿಯಾಗಿ ಹಿಡಿಯೋದು ಬಿಟ್ರೆ ನೋವು ತಾನಾಗೇ ಹೋಗುತ್ತೆ, ಪವರ್ ಸ್ಟೀರಿಂಗ್ ಇದೆ.

ವಾಲೋ ಸುಖ ಹೋಯ್ತು, ಅದಕ್ಕೆ ಬದಲಿ ಏನೂ ಇಲ್ಲ. ಹೈವೇ 9ರಲ್ಲಿ ಸಾರಾಟೋಗದಿಂದ ಸ್ಕೈಲೈನ್ ರಸ್ತೆಗೆ ಹತ್ತೋ ತಿರುವುಗಳಲ್ಲಿ ಹುಡುಗ್ರು ವಾಲಿಸ್ಕೊಂಡು ಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಜೋರಾಗಿ ತಿರುಗಿಸಿ ಒಳಗಿನ ಚಕ್ರ ಎದ್ದೇಳೋ ಹಂಗಾದ್ರೆ ಕಂಪ್ಯೂಟರೇ ಪವರ್ ಕಟ್ ಮಾಡುತ್ತೆ, ಅಜ್ಜಿ ಕಿವಿ ಹಿಂಡಿದ ಹಾಗೆ. ಹುಡುಗ್ರಿಗೆ ಇದು ಸಿಟ್ಟು ಬರಿಸ್ಬೋದು, ನಂಗೆ ಪರ್ವಾಗಿಲ್ಲ. ಆದ್ರೆ ಹೈವೇ 1ರಲ್ಲಿ ಸಮುದ್ರದ ಗಾಳಿ ಅಡ್ಡ ಹೊಡೆಯೋವಾಗ, ಮರಳು ರಸ್ತೆಗೆ ಬಂದಿರೋವಾಗ, ನಾನು ಆರಾಮಾಗಿ ಸುತ್ತ ನೋಡ್ಕೊಂಡು ಹೋಗ್ತೀನಿ, ಮುಂಚೆ ಕಣ್ಣು ರಸ್ತೆ ಬಿಟ್ಟು ಕದಲ್ತಿರ್ಲಿಲ್ಲ.

ಟ್ರಾಫಿಕಲ್ಲಿ ಮಾತ್ರ ಬೇಜಾರು. ಕ್ಯಾಲಿಫೋರ್ನಿಯಾದಲ್ಲಿ ಬೈಕ್‌ಗಳು ಲೇನ್ ಮಧ್ಯ ನುಗ್ಗಿ ಹೋಗ್ಬೋದು, ಇದು ಒಂದೂವರೆ ಮೀಟರ್ ಅಗಲ, ಎಲ್ಲಿ ನುಗ್ಗೋದು? 880 ಹೈವೇಲಿ ಕಾರಿನವ್ರ ಜೊತೆ ಕೂತು ಬೇಯ್ಬೇಕು. ಗುಂಡಿನೂ ತಪ್ಪಿಸೋಕಾಗಲ್ಲ, ಮುಂದಿನ ಎರಡರ ಮಧ್ಯ ಬಿಟ್ರೆ ಹಿಂದಿನದು ಸೀದಾ ಅದರೊಳಗೇ. ಮಳೇಲಿ ಹಿಂದಿನ ಚಕ್ರ ಲೇನಿನ ನಡುವೆ ಆಯಿಲ್ ಬಿದ್ದಿರೋ ಪಟ್ಟಿ ಮೇಲೇ ಓಡುತ್ತೆ, ಹುಷಾರು.

ಖರ್ಚು ಅಂದ್ರೆ, ತಗೊಳೋ ರೇಟಲ್ಲೇ ಒಂದು ಒಳ್ಳೆ ಕಾರ್ ಬರುತ್ತೆ. ಮೈಲೇಜ್ ಗ್ಯಾಲನ್‌ಗೆ 35 ಮೈಲಿ ಆಸುಪಾಸು, ಅಂದ್ರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ 15 ಕಿಮೀ. ಹಿಂದಿನ ಟೈರ್ ನಡುಭಾಗ ಬೇಗ ಸವೆಯುತ್ತೆ, ತುಂಬಾ ಜನ ಕಾರಿನ ಟೈರ್ ಹಾಕಿಸ್ಕೊಳ್ತಾರೆ. ಮುಂದಿನ ಟೈರ್‌ಗಳಿಗೆ ಗಾಳಿ 15-20 ಪಿಎಸ್‌ಐ ಅಷ್ಟೇ, ಬಾಯಿಬಿಟ್ಟು ಹೇಳ್ದೇ ಇದ್ರೆ ಅಂಗಡಿಯವ್ರು ಕಾರಿನ ಹಾಗೆ 35 ತುಂಬಿ ಕಳಿಸ್ತಾರೆ, ಆಮೇಲೆ ಗಾಡಿ ಕುಣಿಯುತ್ತೆ. ಮನೆಯವ್ರ ರೇಟಿಂಗ್ ನಂದಕ್ಕಿಂತ ಜಾಸ್ತಿ, ಹಿಂದಿನ ಸೀಟ್ ಬಿಸಿ ಆಗುತ್ತೆ, ಡಿಕ್ಕಿಗಳೆಲ್ಲಾ ಸೇರಿ 177 ಲೀಟರ್ ಜಾಗ, ಚಿತ್ರಾನ್ನದ ಡಬ್ಬಿ, ಫ್ಲಾಸ್ಕು, ಇಬ್ರ ಹೆಲ್ಮೆಟ್ಟು ಎಲ್ಲಾ ಹಿಡಿಯುತ್ತೆ.

ಲೈಸೆನ್ಸ್ ಬಗ್ಗೆ ತುಂಬಾ ಜನ ಕೇಳ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಕ್ಲಾಸ್ ಸಿ ಲೈಸೆನ್ಸೇ ಸಾಕು, ಹೆಲ್ಮೆಟ್ ಕಡ್ಡಾಯ, ಬೇರೆ ಸ್ಟೇಟಿನವ್ರು ನಿಮ್ಮಲ್ಲಿನ ರೂಲ್ ನೋಡ್ಕೊಳ್ಳಿ. ಸೆಕೆಂಡ್ ಹ್ಯಾಂಡ್ ತಗೊಳೋರು 2014 ಅಥವಾ ಆಮೇಲಿನ ಆರ್‌ಟಿ ನೋಡಿ, ಈ 1330 ಇಂಜಿನ್ ಆರ್‌ಟಿಗೆ ಬಂದಿದ್ದು ಆಗ್ಲೇ. ಮುಂದಿನ ಚಕ್ರದ ಲೇಸರ್ ಅಲೈನ್‌ಮೆಂಟ್ ಮಾಡ್ಸಿದಾರಾ ಅಂತ ಕೇಳಿ, ಮಾಡ್ಸಿಲ್ಲ ಅಂದ್ರೆ ಆ ದುಡ್ಡು ರೇಟಲ್ಲಿ ಇಳ್ಸಿ.