ಫೀಸಿಲ್ಲ, ಭಾಷಣವಿಲ್ಲ: ಚಿಕ್ಕಮಗಳೂರಿನ ಒಂದು ಎಎ ಮೀಟಿಂಗ್

ಕುಡಿತ ಬಿಡಬೇಕು ಅಂತ ಮನಸ್ಸಿರುವ ನಮ್ಮ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಹೋಗಿ. ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಪೇಟೆಯಲ್ಲಿ ನಡೆಯುವ ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋಗುತ್ತೇನೆ. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಬ್ಬರಿಗೊಬ್ಬರು ನೆರವಾಗುವ ಸಂಘ ಅದು, ಎಲ್ಲರೂ ಎಎ ಅನ್ನುತ್ತಾರೆ. ನನ್ನ ಹೆಸರು ಹಾಕುವುದಿಲ್ಲ, ಅಲ್ಲಿನ ಪದ್ಧತಿಯೇ ಅದು. ಜಾಗದ ಗುರುತೂ ಕೊಡುವುದಿಲ್ಲ. ಅಲ್ಲಿ ಬಂದು ಕೂರುವವರಲ್ಲಿ ಮೇಷ್ಟ್ರಿದ್ದಾರೆ, ಅಂಗಡಿಯವರಿದ್ದಾರೆ, ಜೀಪ್ ಡ್ರೈವರ್‌ಗಳಿದ್ದಾರೆ.

ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಕುಡಿತ ಬಿಡಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಬ್ಯಾನರ್, ಫ್ಲಾಸ್ಕಿನಲ್ಲಿ ಕಾಫಿ, ಇಷ್ಟೇ. ಫೀಸಿಲ್ಲ. ಊರು, ಜಾತಿ, ಸಂಬಳ ಯಾರೂ ಕೇಳುವುದಿಲ್ಲ. ಸೇರುವುದಕ್ಕೆ ಬೇಕಾದ್ದು ಕುಡಿತ ನಿಲ್ಲಿಸುವ ಆಸೆ ಒಂದೇ. ಡಬ್ಬಿ ಸುತ್ತು ಬಂದಾಗ ಇದ್ದವರು ಹತ್ತಿಪ್ಪತ್ತು ರೂಪಾಯಿ ಹಾಕುತ್ತಾರೆ. ಒಬ್ಬ ಸಾಹುಕಾರರು ಫ್ಯಾನ್ ಕೊಡಿಸುತ್ತೇನೆ ಅಂದರೂ ಬೇಡ ಅಂದರು. ಹೊರಗಿನವರ ದುಡ್ಡು ತೆಗೆದುಕೊಳ್ಳಬಾರದು ಅನ್ನುವುದು ಪ್ರಪಂಚದ ಎಲ್ಲ ಎಎ ಗುಂಪಿಗೂ ಒಂದೇ ನಿಯಮ. ಇದು ನನಗೆ ತುಂಬಾ ಹಿಡಿಸಿತು. ದಾನ ಕೊಟ್ಟವರ ಫೋಟೋ ಇಲ್ಲ, ಶಾಲು ಹೊದಿಸುವ ಕಾರ್ಯಕ್ರಮ ಇಲ್ಲ.

ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಬುದ್ಧಿವಾದವೂ ಇಲ್ಲ. ಕುಡಿಯುವವನಿಗೆ ಹೆಂಡತಿ, ಮಾವ, ದೇವಸ್ಥಾನದ ಭಟ್ಟರು, ಊರೆಲ್ಲ ಬುದ್ಧಿ ಹೇಳಿ ಆಗಿರುತ್ತದೆ. ಇಲ್ಲಿ ಎದುರಿಗೆ ಕೂತವನು ತನ್ನ ಕಥೆ ಹೇಳುತ್ತಾನೆ, ಅದರಲ್ಲಿ ಅರ್ಧ ನಮ್ಮದೇ ಆಗಿರುತ್ತದೆ.

ಎಎ ಹುಟ್ಟಿದ್ದೇ ಹೀಗೆ. 1935ರಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಕೆಲಸದ ಮೇಲೆ ಅಮೆರಿಕದ ಅಕ್ರಾನ್ ಊರಿಗೆ ಹೋದರು. ಅಲ್ಲಿ ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲಿ ಒಬ್ಬರೇ ಇದ್ದಾಗ ಕುಡಿಯುವ ಆಸೆ ಮತ್ತೆ ಬಂತು. ಮಾತಾಡುವುದಕ್ಕೆ ಇನ್ನೊಬ್ಬ ಕುಡುಕ ಬೇಕು ಅಂತ ಅಲ್ಲಿಂದಲೇ ಫೋನ್ ಮಾಡುತ್ತಾ ಹೋದರು. ಹಾಗೆ ಸಿಕ್ಕವರು ಸರ್ಜನ್ ಡಾ. ಬಾಬ್ ಸ್ಮಿತ್. ಡಾ. ಬಾಬ್ ಕೊನೆಯ ಸಲ ಕುಡಿದ ದಿನ ಜೂನ್ 10. ಅದನ್ನೇ ಎಎ ಹುಟ್ಟಿದ ದಿನ ಅನ್ನುತ್ತಾರೆ.

ಬಟವಾಡೆ ದಿನದ ಸಂಜೆ ಆ ಫೋನಿನ ಬೆಲೆ ನನಗೆ ಗೊತ್ತಾಗುತ್ತದೆ. ಆಳುಗಳ ಲೈನ್ ಮನೆಗಳ ಕಡೆಯಿಂದ ಗಲಾಟೆ ಕೇಳುತ್ತಿರುತ್ತದೆ, ಮಳೆ ಬೇರೆ. ನನ್ನ ಸ್ಪಾನ್ಸರ್, ಅಂದರೆ ನನಗಿಂತ ಮೊದಲು ಬಿಟ್ಟು ನನ್ನ ಜೊತೆ ನಿಂತವರು, ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಫೋನ್ ಎತ್ತಿದ ಕೂಡಲೇ "ರೈಟ್ರೇ, ಊಟ ಆಯ್ತಾ?" ಅಂತಾರೆ. ಅದು ಸುಮ್ನೆ ಕೇಳುವ ಮಾತಲ್ಲ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕನ್ನು ಮೊದಲು ನೋಡಿಕೋ ಅಂತ ಎಎಯಲ್ಲಿ ಹೇಳಿಕೊಡುತ್ತಾರೆ. ಎಷ್ಟೋ ಸಂಜೆ ಒಂದು ತಟ್ಟೆ ಅನ್ನ ತಿಂದ ಮೇಲೆ ಆಸೆ ಇಳಿದಿದೆ.

ಹನ್ನೆರಡು ಹೆಜ್ಜೆಗಳಲ್ಲಿ ನನಗೆ ಜಾಸ್ತಿ ಕಷ್ಟವಾದದ್ದು ನಾಲ್ಕನೆಯದು. ತೋಟದ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಬರೆದ ಹಾಗೆ ನಮ್ಮ ಗುಣದೋಷವನ್ನೆಲ್ಲ ಒಂದೊಂದಾಗಿ ಬರೆಯಬೇಕು. ಐದನೆಯದರಲ್ಲಿ ಅದನ್ನು ಇನ್ನೊಬ್ಬರ ಮುಂದೆ ಹೇಳಬೇಕು. ಆಮೇಲೆ ನಮ್ಮಿಂದ ನೊಂದವರ ಪಟ್ಟಿ ಮಾಡಿ, ಆದಷ್ಟು ಸರಿಪಡಿಸಬೇಕು. ಅವರಿಗೇ ಮತ್ತೆ ನೋವಾಗುವಂತಿದ್ದರೆ ಮಾತ್ರ ಬಿಡಬೇಕು. ಆತುರ ಪಡಬೇಡಿ. ದೇವರ ಮಾತು ಬರುತ್ತದೆ, ಆದರೆ "ನಾವು ತಿಳಿದಂಥ ದೇವರು" ಅಂತ ಬಿಟ್ಟಿದ್ದಾರೆ. ನಮ್ಮಲ್ಲಿ ನಮಾಜ್ ಮಾಡುವವರಿದ್ದಾರೆ, ಚರ್ಚಿಗೆ ಹೋಗುವವರಿದ್ದಾರೆ, ಏನನ್ನೂ ನಂಬದವರೂ ಇದ್ದಾರೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿ ಬಂದು ಇಲ್ಲಿ ಮುಂದುವರಿಸುವವರಿದ್ದಾರೆ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಇದು ಆಸ್ಪತ್ರೆ ಅಲ್ಲ, ಇಲ್ಲಿ ಡಾಕ್ಟರ್ ಇರುವುದಿಲ್ಲ. ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು ಅಷ್ಟಕ್ಕೇ ಮುಗಿಯದೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಬುದ್ಧಿ ಭ್ರಮೆ ಆಗಬಹುದು. ಜೀವಕ್ಕೇ ಅಪಾಯ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗದ ಡಾಕ್ಟರನ್ನು ನೋಡಿ. 14446ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ, ಅದು ಸರ್ಕಾರದ ಉಚಿತ ಸಹಾಯವಾಣಿ. ಕುಡಿತ ಬಿಡಿಸುತ್ತೇವೆ ಅಂತ ಮಾರುವ, ಕುಡಿಯುವವನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿಗೆ ದುಡ್ಡು ಸುರಿಯಬೇಡಿ.

ಕೊರತೆ ಅಂದರೆ ಹೆಂಗಸರು ಬರುವುದು ತೀರಾ ಕಡಿಮೆ. ಕುಡಿಯುವ ಹೆಂಗಸರು ನಮ್ಮ ಕಡೆ ಇಲ್ಲ ಅಂತಲ್ಲ, ಬಾಗಿಲ ತನಕ ಬರುವುದೇ ಅವರಿಗೆ ಕಷ್ಟ, ಅಲ್ವಾ? ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಸಂಘ ಇದೆ, 1951ರಿಂದ ನಡೆಯುತ್ತಿದೆ. ನನ್ನ ಹೆಂಡತಿಗೆ ಇದನ್ನು ಹೇಳಿದಾಗ "ನಮಗೂ ಇದೆಯಾ?" ಅಂತ ಎರಡು ಸಲ ಕೇಳಿದಳು.

ಮೊದಲ ದಿನ ಮಾತಾಡಲೇಬೇಕು ಅಂತಿಲ್ಲ. ಕೂತು ಕೇಳಿ, ಹೊರಡುವಾಗ ಇಬ್ಬರ ನಂಬರ್ ತಗೊಳ್ಳಿ. ಲಾಸ್ಟ್ ಬಸ್ ತಪ್ಪುವ ಹಾಗಿದ್ದರೆ ಬೈಕ್ ಇರುವವರನ್ನು ಕೇಳಿ, ಬಿಟ್ಟು ಬರುತ್ತಾರೆ.